ಬೆಟ್ಟದ ತಾಯಂದಿರು, ದೂರದ ಆಸ್ಪತ್ರೆ: ನಮ್ಮ ಗಡಿನಾಡಿನ ಒಂದು ಇತಿಹಾಸ



ಸೆಪ್ಟೆಂಬರ್ ಬಂತೆಂದರೆ ನಮ್ಮ ಮನೆಗಳಲ್ಲಿ ಮಾತೆ ಮರಿಯಮ್ಮನವರ ಜನ್ಮದಿನದ ಸಡಗರ. ಒಂಬತ್ತು ದಿನ ಹೂವು, ಎಂಟನೇ ತಾರೀಖು ಹೊಸ ತೆನೆ. ಒಂದು ಹೆಣ್ಣುಮಗುವಿನ ಹುಟ್ಟನ್ನು ಇಷ್ಟು ಸಂಭ್ರಮದಿಂದ ಆಚರಿಸುವ ನಾವು, ನಮ್ಮ ಸುತ್ತಲಿನ ಹಾಡಿಗಳಲ್ಲಿ, ಪೋಡುಗಳಲ್ಲಿ, ಕಾಲೋನಿಗಳಲ್ಲಿ ಮಕ್ಕಳು ಹೇಗೆ ಹುಟ್ಟುತ್ತಾರೆ, ತಾಯಂದಿರು ಹೇಗೆ ಉಳಿಯುತ್ತಾರೆ ಎಂದು ಎಷ್ಟು ಸಲ ಯೋಚಿಸಿದ್ದೇವೆ? ಯುವಬಳಗದ ಈ ಸಲದ ಇತಿಹಾಸದ ಓದಿಗೆ ನಾವು ಅದನ್ನೇ ಆರಿಸಿಕೊಂಡೆವು.

ಈ ವಿಷಯ ಎತ್ತಿದಾಗ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದಿದೆ: “ಅವರಿಗೆ ಎಷ್ಟು ಹೇಳಿದರೂ ಆಸ್ಪತ್ರೆಗೆ ಬರುವುದಿಲ್ಲ. ಅದು ಅವರ ಪದ್ಧತಿ, ಮೂಢನಂಬಿಕೆ.” ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ಕೆಲವೊಮ್ಮೆ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲೂ ಈ ಮಾತು ಬರುತ್ತದೆ. ಇದು ನಿಜವೇ? ನಿಜವಾದರೆ ಅವರು ಯಾಕೆ ಬರುವುದಿಲ್ಲ? ಈ ಪ್ರಶ್ನೆಗೆ ಉತ್ತರ ಆಸ್ಪತ್ರೆಯ ಒಳಗೆ ಸಿಗುವುದಿಲ್ಲ. ನೂರೈವತ್ತು ವರ್ಷ ಹಿಂದಕ್ಕೆ, ಕಾಡಿನ ಕಡೆಗೆ ಹೋಗಬೇಕು.

ಸರಾಸರಿ ಎಂಬ ಪರದೆ

ಮೊದಲು ಒಂದಷ್ಟು ಲೆಕ್ಕ. ಒಂದು ಲಕ್ಷ ಜೀವಂತ ಹೆರಿಗೆಗಳಿಗೆ ಎಷ್ಟು ತಾಯಂದಿರು ಗರ್ಭಾವಸ್ಥೆಯ ಅಥವಾ ಹೆರಿಗೆಯ ಕಾರಣದಿಂದ ಸಾಯುತ್ತಾರೆ ಎಂಬುದನ್ನು ತಾಯಿ ಮರಣ ಅನುಪಾತ ಎನ್ನುತ್ತಾರೆ. 1946ರಲ್ಲಿ ಭೋರ್ ಸಮಿತಿ ತನ್ನ ವರದಿ ಕೊಟ್ಟಾಗ ನಮ್ಮ ದೇಶದಲ್ಲಿ ಸಾವಿರ ಹೆರಿಗೆಗೆ ಸುಮಾರು 20 ತಾಯಂದಿರು ಸಾಯುತ್ತಿದ್ದರು. ಇಂದಿನ ಲೆಕ್ಕದಲ್ಲಿ ಹೇಳಿದರೆ ಲಕ್ಷಕ್ಕೆ ಸುಮಾರು 2,000. ಅದು ನಮ್ಮ ಮುತ್ತಜ್ಜಿಯರ ಕಾಲ. “ಹೆರಿಗೆ ಅಂದರೆ ಮರುಹುಟ್ಟು” ಎಂದು ಅವರು ಹೇಳುತ್ತಿದ್ದದ್ದು ಬರೀ ಗಾದೆಯಾಗಿರಲಿಲ್ಲ.

2018-20ರ ಸರ್ಕಾರಿ ಮಾದರಿ ನೋಂದಣಿ ಲೆಕ್ಕದಲ್ಲಿ ಭಾರತದ ಅನುಪಾತ 97ಕ್ಕೆ ಇಳಿದಿತ್ತು. ಕರ್ನಾಟಕ 69, ತಮಿಳುನಾಡು 54, ಕೇರಳ 19. ಇದು ದೊಡ್ಡ ಸಾಧನೆ. ಆದರೆ ವಿಜ್ಞಾನ ಓದಿದವರಿಗೆ ಸರಾಸರಿಯ ಗುಣವೂ ದೋಷವೂ ಗೊತ್ತಿರುತ್ತದೆ. ಸರಾಸರಿ ಎಲ್ಲರನ್ನೂ ಸೇರಿಸುತ್ತದೆ, ಹಾಗೆ ಸೇರಿಸುತ್ತಲೇ ಕೆಲವರನ್ನು ಮುಚ್ಚಿಡುತ್ತದೆ. 2011ರ ಜನಗಣತಿಯಂತೆ ಕೇರಳದಲ್ಲಿ ಪರಿಶಿಷ್ಟ ಪಂಗಡದವರು ನೂರಕ್ಕೆ ಒಂದೂವರೆ, ತಮಿಳುನಾಡಿನಲ್ಲಿ ನೂರಕ್ಕೆ ಒಂದರ ಸುಮಾರು. ಅಷ್ಟು ಕಡಿಮೆ ಜನರ ಕಷ್ಟ ಎಷ್ಟೇ ದೊಡ್ಡದಾದರೂ ರಾಜ್ಯದ ಸರಾಸರಿಯನ್ನು ಅಲುಗಾಡಿಸುವುದಿಲ್ಲ. ವಯನಾಡಿನಲ್ಲಿ ಮಾತ್ರ ಅವರು ನೂರಕ್ಕೆ ಹದಿನೆಂಟರಷ್ಟು. ಅಲ್ಲಿ ನಿಂತು ನೋಡಿದರೆ ಚಿತ್ರ ಬೇರೆ.

2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಒಟ್ಟು ಹೆರಿಗೆಗಳಲ್ಲಿ ನೂರಕ್ಕೆ 79 ಆಸ್ಪತ್ರೆಯಲ್ಲಿ ಆದರೆ, ಪರಿಶಿಷ್ಟ ಪಂಗಡಗಳಲ್ಲಿ ನೂರಕ್ಕೆ 68 ಮಾತ್ರ. ಈ ಅಂತರ ಎಲ್ಲಿಂದ ಬಂತು?

ಕಾಡು ಕೈತಪ್ಪಿದ ಕಥೆ

ನೀಲಗಿರಿ, ವಯನಾಡು, ಬಿಳಿಗಿರಿರಂಗನ ಬೆಟ್ಟ, ತಾಳವಾಡಿ, ಸತ್ಯಮಂಗಲ ಇವೆಲ್ಲ ಈಗ ಮೂರು ರಾಜ್ಯಗಳಲ್ಲಿ ಹಂಚಿಹೋಗಿವೆ. ಆದರೆ ಕಾಡು ಒಂದೇ. ಅಲ್ಲಿನ ಜನರಿಗೂ ಗಡಿ ಎಂಬುದು ತಡವಾಗಿ ಬಂದದ್ದು. ಕರ್ನಾಟಕದ ಜೇನು ಕುರುಬರು ಕೇರಳ, ತಮಿಳುನಾಡಿನಲ್ಲಿ ಕಾಟ್ಟುನಾಯಕರು. ನಮ್ಮ ಸೋಲಿಗರು ತಮಿಳುನಾಡಿನ ಪಟ್ಟಿಯಲ್ಲಿ ಶೋಲಗರು. ಬೆಟ್ಟ ಕುರುಬರು, ಮುಳ್ಳು ಕುರುಂಬರು, ಇರುಳರು, ಪಣಿಯರು, ತೋಡರು, ಕೋತರು ಹೀಗೆ ಒಂದೊಂದು ಜನಾಂಗಕ್ಕೂ ತನ್ನದೇ ಬದುಕು, ತನ್ನದೇ ಸೂಲಗಿತ್ತಿಯರು, ತನ್ನದೇ ಬಾಣಂತನ.

ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರ ಕಾಫಿ ತೋಟಗಳು ಬಂದವು, ಆಮೇಲೆ ಟೀ ಬಂತು. 1877ರಲ್ಲಿ ಗೂಡಲೂರು ಇರುವ ಆಗ್ನೇಯ ವಯನಾಡನ್ನು ಮಲಬಾರಿನಿಂದ ಬಿಡಿಸಿ ನೀಲಗಿರಿಗೆ ಸೇರಿಸಿದರು. 1880ರ ಸುಮಾರಿಗೆ ದೇವಾಲ, ಪಂದಲೂರಿನ ಸುತ್ತ ಚಿನ್ನದ ಗಣಿಯ ಹುಚ್ಚು ಹಬ್ಬಿ, ಲಂಡನ್ನಿನ ಕಂಪನಿಗಳು ಹಣ ಸುರಿದು ಕೆಲವೇ ವರ್ಷಗಳಲ್ಲಿ ಮುಳುಗಿದವು. 1882ರ ಮದ್ರಾಸ್ ಅರಣ್ಯ ಕಾಯಿದೆ ಬಂದ ಮೇಲೆ ಕಾಡು ಸರ್ಕಾರದ್ದಾಯಿತು, ಕಾಡಿನವರು ಅತಿಕ್ರಮಣಕಾರರಾದರು.

ಸ್ವಾತಂತ್ರ್ಯ ಬಂದ ಮೇಲೂ ಈ ದಾರಿ ಬದಲಾಗಲಿಲ್ಲ. ಡಿಡಿಟಿ ಸಿಂಪಡಿಸಿ ಮಲೇರಿಯಾ ಹತೋಟಿಗೆ ಬಂದ ಮೇಲೆ ತಿರುವಾಂಕೂರಿನ ಕಡೆಯಿಂದ ರೈತ ಕುಟುಂಬಗಳು ವಯನಾಡಿಗೆ, ಗೂಡಲೂರಿಗೆ ದೊಡ್ಡ ಸಂಖ್ಯೆಯಲ್ಲಿ ಬಂದವು. ಅವರಲ್ಲಿ ಕ್ರೈಸ್ತ ಕುಟುಂಬಗಳೂ ಬಹಳ. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ತಮಿಳು ಕಾರ್ಮಿಕರಿಗೆ ನೀಲಗಿರಿಯಲ್ಲಿ ಸರ್ಕಾರಿ ಟೀ ತೋಟಗಳು ಎದ್ದವು. ಬಂದವರೆಲ್ಲ ಕೆಟ್ಟವರಲ್ಲ. ಅವರೂ ಬಡತನದಿಂದ ಓಡಿಬಂದವರೇ. ಆದರೆ ಪ್ರತಿ ಸಲ ಹೊಸಬರು ಬಂದಾಗ ಹಿಂದಕ್ಕೆ ಸರಿಯಬೇಕಾದವರು ಒಬ್ಬರೇ ಆಗಿದ್ದರು.

ಆ ಮೇಲೆ ಕಾಡುಪ್ರಾಣಿಗಳ ಸರದಿ. 1940ರಲ್ಲಿ ಮುದುಮಲೆ ಅಭಯಾರಣ್ಯ, 1974ರಲ್ಲಿ ಬಿಳಿಗಿರಿರಂಗನ ಬೆಟ್ಟದ ಅಭಯಾರಣ್ಯ. ಸೋಲಿಗರನ್ನು ಕಾಡಿನ ಒಳಗಿನ ಪೋಡುಗಳಿಂದ ಹೊರತಂದು ಅಂಚಿನಲ್ಲಿ ಕೂರಿಸಿದರು. ರಾಗಿ, ಗೆಡ್ಡೆ, ಸೊಪ್ಪು, ಜೇನು ಹೀಗೆ ಕಾಡು ಮತ್ತು ಹೊಲ ಎರಡೂ ಕೊಡುತ್ತಿದ್ದ ಊಟ ಕಡಿಮೆಯಾಗಿ ಪಡಿತರದ ಅಕ್ಕಿ ಬಂತು.

ಇದಕ್ಕೂ ಹೆರಿಗೆಗೂ ಏನು ಸಂಬಂಧ? ನೇರ ಸಂಬಂಧ. ಹೆರಿಗೆಯಲ್ಲಿ ತಾಯಿಯನ್ನು ಕೊಲ್ಲುವ ಕಾರಣಗಳಲ್ಲಿ ಮೊದಲನೆಯದು ರಕ್ತಸ್ರಾವ. ಅದೇ ಪ್ರಮಾಣದ ರಕ್ತ ಹೋದಾಗ ಆರೋಗ್ಯವಂತ ತಾಯಿ ಸುಧಾರಿಸಿಕೊಳ್ಳಬಹುದು. ಮೊದಲೇ ರಕ್ತಹೀನತೆ ಇರುವ ತಾಯಿ ಸುಧಾರಿಸಿಕೊಳ್ಳುವುದು ಕಷ್ಟ. ಊಟ ಕಸಿದುಕೊಂಡಾಗ ಹೆರಿಗೆಯ ಅಪಾಯವೂ ಕೂಡಿಕೊಳ್ಳುತ್ತದೆ, ಅದು ಕಾಣುವುದು ಮಾತ್ರ ವರ್ಷಗಳ ನಂತರ.

ಕೂಲಿಯ ಕಥೆ ಇನ್ನೊಂದು. ವಯನಾಡಿನ ಪಣಿಯರ ಹೆಸರೇ ‘ಪಣಿ’, ಅಂದರೆ ಕೆಲಸ ಎಂಬ ಮಾತಿನಿಂದ ಬಂದದ್ದು. ಮಾನಂದವಾಡಿ ಹತ್ತಿರದ ವಳ್ಳಿಯೂರ್‌ಕಾವು ಜಾತ್ರೆಯಲ್ಲಿ ಜಮೀನ್ದಾರರು ಮುಂಗಡ ಕೊಟ್ಟು ಪಣಿಯ, ಅಡಿಯ ಕುಟುಂಬಗಳನ್ನು ಒಂದು ವರ್ಷಕ್ಕೆ ಕಟ್ಟಿಹಾಕುತ್ತಿದ್ದ ಪದ್ಧತಿ ಇಪ್ಪತ್ತನೇ ಶತಮಾನದಲ್ಲೂ ನಡೆದಿತ್ತು. ಜೀತಪದ್ಧತಿ ರದ್ದು ಕಾಯಿದೆ ಬಂದದ್ದು 1976ರಲ್ಲಿ. ತನ್ನ ದಿನವೇ ತನ್ನದಲ್ಲದ ಹೆಂಗಸು ತಿಂಗಳ ತಪಾಸಣೆಗೆ ಯಾವ ದಿನ ಹೋಗಬೇಕಿತ್ತು?

ರಕ್ತದಲ್ಲಿ ಕಂಡದ್ದು, 1952

ನಮ್ಮಲ್ಲಿ ಜೀವಶಾಸ್ತ್ರ ಓದುವವರು ಈ ಭಾಗವನ್ನು ಗಮನಿಸಿ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಬಂದರೆ ಆಮ್ಲಜನಕ ಕಡಿಮೆಯಾದಾಗ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಇದು ಸಿಕಲ್ ಸೆಲ್. ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ತೀವ್ರ ಮಲೇರಿಯಾದಿಂದ ಸ್ವಲ್ಪ ರಕ್ಷಣೆಯೂ ಸಿಗುತ್ತದೆ. ಮಲೇರಿಯಾ ಇದ್ದ ಕಾಡುಗಳಲ್ಲಿ ಇದು ಉಳಿದುಬಂದದ್ದು ಅದಕ್ಕೇ. ಇಬ್ಬರಿಂದಲೂ ಬಂದರೆ ಅದೇ ಕಾಯಿಲೆ: ಮೈಕೈ ಮುರಿಯುವ ನೋವು, ರಕ್ತಹೀನತೆ, ಸೋಂಕು. ಅಂಥ ಹುಡುಗಿ ಗರ್ಭಿಣಿಯಾದಾಗ ಅಪಾಯ ಹಲವು ಪಟ್ಟು.

ಭಾರತದಲ್ಲಿ ಇದನ್ನು ಮೊದಲು ಕಂಡ ಜಾಗಗಳಲ್ಲಿ ನಮ್ಮ ನೀಲಗಿರಿಯೂ ಒಂದು. 1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ಎಂಬ ವಿಜ್ಞಾನಿಗಳು ಇಲ್ಲಿನ ಆದಿವಾಸಿಗಳ ರಕ್ತ ಪರೀಕ್ಷಿಸಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಜಗತ್ತಿನ ವಿಜ್ಞಾನಕ್ಕೆ ಅದು ದೊಡ್ಡ ಸುದ್ದಿ. ಆದರೆ ಸಿಕಲ್ ಸೆಲ್ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನ ಶುರುವಾದದ್ದು 2023ರ ಜುಲೈ 1ರಂದು. ನಡುವೆ 71 ವರ್ಷ. ರಕ್ತದ ಮಾದರಿ ಬೆಟ್ಟದಿಂದ ಲಂಡನ್ನಿನವರೆಗೆ ಹೋಯಿತು. ಅದರ ಫಲ ಲಂಡನ್ನಿನಿಂದ ಬೆಟ್ಟಕ್ಕೆ ಬರಲು ಮೂರು ತಲೆಮಾರು ಬೇಕಾಯಿತು. ಈ ನಡುವೆ ಕೆಲಸ ಮಾಡಿದವರು ಇಲ್ಲವೆಂದಲ್ಲ, ಮುಂದೆ ಹೇಳುತ್ತೇವೆ. ಆದರೆ ಅವರು ಕೆಲವರೇ.

ಮೂರು ತಡಗಳು

ತಾಯಂದಿರ ಸಾವಿನ ಬಗ್ಗೆ ಜಗತ್ತೇ ತಡವಾಗಿ ಎಚ್ಚೆತ್ತಿತು. 1985ರಲ್ಲಿ ಅಲನ್ ರೋಸೆನ್‌ಫೀಲ್ಡ್ ಮತ್ತು ಡೆಬೊರಾ ಮೇನ್ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ನೇರ ಪ್ರಶ್ನೆ ಎತ್ತಿದರು. ತಾಯಿ-ಮಗುವಿನ ಆರೋಗ್ಯ ಎಂದು ಕರೆಯುವ ಕಾರ್ಯಕ್ರಮಗಳಲ್ಲಿ ಮಗು ಇದೆ, ತಾಯಿ ಎಲ್ಲಿ ಎಂಬುದು ಅವರ ಪ್ರಶ್ನೆಯ ಸಾರ. 1987ರಲ್ಲಿ ನೈರೋಬಿಯಲ್ಲಿ ಸುರಕ್ಷಿತ ತಾಯ್ತನದ ಸಮ್ಮೇಳನ ನಡೆಯಿತು. 1994ರಲ್ಲಿ ಸೆರೀನ್ ಥಾಡಿಯಸ್ ಮತ್ತು ಡೆಬೊರಾ ಮೇನ್ ತಾಯಂದಿರ ಸಾವಿಗೆ ಮೂರು ತಡಗಳು ಕಾರಣ ಎಂದು ವಿವರಿಸಿದರು. ಮನೆಯಿಂದ ಹೊರಡಲು ತೀರ್ಮಾನಿಸುವಲ್ಲಿ ತಡ, ಆಸ್ಪತ್ರೆ ತಲುಪುವಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ.

ಈ ಮೂರನ್ನೂ ನಮ್ಮ ಬೆಟ್ಟಕ್ಕೆ ತಂದು ನೋಡೋಣ.

ಮೊದಲ ತಡ. ಹೊರಟರೆ ಕೂಲಿ ಹೋಗುತ್ತದೆ, ಮನೆಯ ಉಳಿದ ಮಕ್ಕಳನ್ನು ನೋಡುವವರಿಲ್ಲ, ಜೀಪಿಗೆ ಹಣವಿಲ್ಲ. ಹೋದಲ್ಲಿ ಯಾರು ಏನನ್ನುತ್ತಾರೋ ಗೊತ್ತಿಲ್ಲ.

ಎರಡನೆಯ ತಡ. ಹಾಡಿಯಿಂದ ರಸ್ತೆಯವರೆಗೆ ಆನೆ ಓಡಾಡುವ ಕಾಲುದಾರಿ. ರಸ್ತೆಯಿಂದ ಮುಂದೆ ಘಾಟಿ. ವಯನಾಡಿನ ಕಷ್ಟದ ಹೆರಿಗೆಗಳನ್ನು ಬಹಳ ಕಾಲ ಒಂಬತ್ತು ತಿರುವುಗಳ ತಾಮರಶ್ಶೇರಿ ಘಾಟಿ ಇಳಿಸಿ ಕೋಝಿಕ್ಕೋಡಿಗೆ ಒಯ್ಯಬೇಕಿತ್ತು. ಹೆರಿಗೆಯ ನಂತರದ ತೀವ್ರ ರಕ್ತಸ್ರಾವಕ್ಕೆ ಚಿಕಿತ್ಸೆ ಸಿಗದಿದ್ದರೆ ಎರಡು ಗಂಟೆಯೊಳಗೂ ಪ್ರಾಣ ಹೋಗಬಹುದು. ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಆ ಎರಡು ಗಂಟೆ ಮುಗಿದಂತೆ. ತಾಳವಾಡಿ, ಸತ್ಯಮಂಗಲದ ಕಡೆ 1990ರ ದಶಕದಲ್ಲಿ ವೀರಪ್ಪನ್ ಬೇಟೆಯ ಕಾಲದಲ್ಲಿ ರಾತ್ರಿ ದಾರಿಯಲ್ಲಿ ಕಾಣಿಸಿಕೊಳ್ಳುವುದೇ ಭಯದ ವಿಷಯವಾಗಿತ್ತು ಎಂದು ಅಲ್ಲಿನ ಹಿರಿಯರಿಗೆ ಹೇಳಿಕೊಡಬೇಕಾಗಿಲ್ಲ.

ಮೂರನೆಯ ತಡ. ತಲುಪಿದ ಮೇಲೆ ವೈದ್ಯರಿಲ್ಲ, ರಕ್ತವಿಲ್ಲ, ಅರಿವಳಿಕೆ ತಜ್ಞರಿಲ್ಲ. ಇದರ ಜೊತೆಗೆ ಮಾತಿನ ತೊಡಕು. ಕಾಟ್ಟುನಾಯಕರ ಮಾತು, ಸೋಲಿಗರ ಮಾತು ಕನ್ನಡಕ್ಕೆ ಹತ್ತಿರ. ಆಸ್ಪತ್ರೆಯ ಮಾತು ತಮಿಳು ಅಥವಾ ಮಲಯಾಳಂ. ಗಡಿಯಲ್ಲಿ ಕನ್ನಡ ಶಾಲೆಗಾಗಿ, ಕನ್ನಡ ಅರ್ಜಿಗಾಗಿ ಓಡಾಡಿದ ನಮಗೆ ಕೌಂಟರಿನ ಮುಂದೆ ಮಾತು ಬರದೆ ನಿಲ್ಲುವ ಸಂಕಟ ಸ್ವಲ್ಪವಾದರೂ ಗೊತ್ತು. ಹೆರಿಗೆ ನೋವಿನಲ್ಲಿ ಅದೇ ಸ್ಥಿತಿ ಬಂದರೆ?

ಹೀಗೆ ನೋಡಿದರೆ “ಅವರು ಬರುವುದಿಲ್ಲ” ಎಂಬ ಮಾತಿಗೆ ಬೇರೆ ಅರ್ಥ ಬರುತ್ತದೆ. ಆಸ್ಪತ್ರೆಗೆ ಹೋದವರು ಹೆಣವಾಗಿ ಮರಳುತ್ತಾರೆ ಎಂಬ ನಂಬಿಕೆ ಅನೇಕ ಹಾಡಿಗಳಲ್ಲಿತ್ತು. ಅದು ಸುಮ್ಮನೆ ಹುಟ್ಟಿದ್ದಲ್ಲ. ಎಲ್ಲಾ ದಾರಿ ಮುಚ್ಚಿದ ಮೇಲೆ, ಕೊನೆಯ ಗಳಿಗೆಯಲ್ಲಿ ಮಾತ್ರ ಆಸ್ಪತ್ರೆಗೆ ಹೋದರೆ ಅಲ್ಲಿ ಸಾವೇ ಹೆಚ್ಚು ಕಾಣುತ್ತದೆ. ಅವರು ಕಣ್ಣಾರೆ ಕಂಡದ್ದನ್ನೇ ನಂಬಿದ್ದರು.

ಗೂಡಲೂರಿನಲ್ಲಿ ಏನಾಯಿತು

1980ರ ದಶಕದ ನಡುವೆ ಸ್ಟಾನ್ ತೇಕೇಕರ ಮತ್ತು ಮಾರಿ ತೇಕೇಕರ ದಂಪತಿ ಗೂಡಲೂರಿನಲ್ಲಿ ‘ಅಕಾರ್ಡ್’ ಸಂಸ್ಥೆ ಕಟ್ಟಿದರು. ಅವರ ಮೊದಲ ಕೆಲಸ ಆರೋಗ್ಯವಲ್ಲ, ಭೂಮಿ. ಪಣಿಯ, ಬೆಟ್ಟ ಕುರುಂಬ, ಮುಳ್ಳು ಕುರುಂಬ, ಕಾಟ್ಟುನಾಯಕ, ಇರುಳ ಜನರು ಹಾಡಿ ಹಾಡಿಯಲ್ಲಿ ಸಂಘ ಕಟ್ಟಿಕೊಂಡರು. ಅವು ಸೇರಿ ‘ಆದಿವಾಸಿ ಮುನ್ನೇಟ್ರ ಸಂಘಂ’ ಆಯಿತು. 1988ರ ಡಿಸೆಂಬರ್ 5ರಂದು ಸಾವಿರಾರು ಆದಿವಾಸಿಗಳು ಭೂಮಿಯ ಹಕ್ಕಿಗಾಗಿ ಗೂಡಲೂರು ಪೇಟೆಯಲ್ಲಿ ಮೆರವಣಿಗೆ ಹೊರಟರು. ಪೇಟೆಗೆ ಬಂದರೆ ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಿದ್ದ ಜನ ಅಂದು ರಸ್ತೆಯ ನಡುವೆ ನಡೆದರು.

1987ರಲ್ಲಿ, ನೈರೋಬಿ ಸಮ್ಮೇಳನದ ಅದೇ ವರ್ಷ, ಡಾ. ದೇವದಾಸನ್ ಮತ್ತು ಡಾ. ರೂಪಾ ಅಲ್ಲಿ ಆರೋಗ್ಯದ ಕೆಲಸ ಶುರುಮಾಡಿದರು. ಅವರು ಕಟ್ಟಡದಿಂದ ಆರಂಭಿಸಲಿಲ್ಲ. ಹಾಡಿಗಳಿಂದಲೇ ಹೆಂಗಸರನ್ನು, ಯುವಕರನ್ನು ಆರಿಸಿ ಆರೋಗ್ಯ ಕಾರ್ಯಕರ್ತರಾಗಿ ತರಬೇತಿ ಕೊಟ್ಟರು. ಗರ್ಭಿಣಿಯರನ್ನು ಗುರುತಿಸುವುದು, ತೂಕ ನೋಡುವುದು, ಕಬ್ಬಿಣದ ಮಾತ್ರೆ, ಲಸಿಕೆ, ಅಪಾಯದ ಲಕ್ಷಣ ಯಾವುದು, ಯಾವಾಗ ಹೊರಡಬೇಕು ಎಲ್ಲವನ್ನೂ ಅವರ ಮಾತಿನಲ್ಲಿ, ಅವರವರೇ ಹೇಳಿದರು. ಮೊದಲ ತಡ ಕರಗಲು ಶುರುವಾದದ್ದು ಹಾಗೆ.

ಆದರೆ ಕಾರ್ಯಕರ್ತೆ “ಹೊರಡು” ಎಂದಾಗ ಹೋಗಲು ಒಂದು ಜಾಗ ಬೇಕಲ್ಲ? 1990ರಲ್ಲಿ ‘ಅಶ್ವಿನಿ’ ಎಂಬ ಸಂಸ್ಥೆಯಡಿ ಗೂಡಲೂರು ಆದಿವಾಸಿ ಆಸ್ಪತ್ರೆ ಬಂತು. ಶಸ್ತ್ರಚಿಕಿತ್ಸಕ ಡಾ. ನಂದಕುಮಾರ್ ಮೆನನ್ ಮತ್ತು ಸ್ತ್ರೀರೋಗ ತಜ್ಞೆ ಡಾ. ಶೈಲಾ ದೇವಿ ಅಲ್ಲಿಗೆ ಬಂದು ನೆಲೆಸಿದರು. ಅದಕ್ಕಿಂತ ಮುಖ್ಯ ಸಂಗತಿ, ಆಸ್ಪತ್ರೆಯ ನರ್ಸುಗಳು ಆದಿವಾಸಿ ಹೆಣ್ಣುಮಕ್ಕಳೇ ಆದರು. ಹೆಚ್ಚು ಓದಿರದ ಹುಡುಗಿಯರು ಕೆಲಸ ಮಾಡುತ್ತಲೇ ಕಲಿತರು. ಹೆರಿಗೆ ಕೋಣೆಯಲ್ಲಿ ಕೈ ಹಿಡಿದವಳು ತನ್ನ ಮಾತಾಡುವವಳು ಎಂದಾದಾಗ ಆಸ್ಪತ್ರೆಯ ಮೇಲಿನ ಹೆದರಿಕೆ ಕಡಿಮೆಯಾಯಿತು.

ಹಣದ ತೊಂದರೆಗೂ ದಾರಿ ಹುಡುಕಿದರು. 1992ರಲ್ಲಿ ಸಂಘದ ಸದಸ್ಯರಿಗಾಗಿ ಸಮುದಾಯ ಆರೋಗ್ಯ ವಿಮೆ ಶುರುವಾಯಿತು. ವರ್ಷಕ್ಕೆ ಒಂದು ಸಣ್ಣ ಮೊತ್ತ ಎಲ್ಲರೂ ಕೊಟ್ಟರೆ ಯಾರಿಗೆ ಕಾಯಿಲೆ ಬಂತೋ ಅವರ ಖರ್ಚು ನಡೆಯುತ್ತದೆ. ದೇಶದ ಬಹುಪಾಲು ಜನರಿಗೆ ಆರೋಗ್ಯ ವಿಮೆ ಎಂಬ ಮಾತೇ ಗೊತ್ತಿಲ್ಲದ ಕಾಲ ಅದು. ಸಿಕಲ್ ಸೆಲ್ ಪರೀಕ್ಷೆ, ಆರೈಕೆಯನ್ನೂ ಈ ಆಸ್ಪತ್ರೆ ರಾಷ್ಟ್ರೀಯ ಅಭಿಯಾನಕ್ಕಿಂತ ಬಹಳ ಮೊದಲೇ ಕೈಗೆತ್ತಿಕೊಂಡಿತು.

ಅಂದರೆ ಆದಿವಾಸಿಗಳ ಪದ್ಧತಿ, ದೇವರು, ಹಾಡು ಯಾವುದನ್ನೂ ಬದಲಿಸದೆ ಅವರು ಆಸ್ಪತ್ರೆಗೆ ಬಂದರು. ಬದಲಾದದ್ದು ಆಸ್ಪತ್ರೆ.

ಸೋಲಿಗರಿಂದ ಕಲಿತದ್ದು

ಕರ್ನಾಟಕದ ಕಡೆ ಇದೇ ಕಥೆ ಬಿಳಿಗಿರಿರಂಗನ ಬೆಟ್ಟದಲ್ಲಿ ಸ್ವಲ್ಪ ಮೊದಲೇ ನಡೆದಿತ್ತು. ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಮುಂದೆ 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಸೋಲಿಗ ತಾಯಂದಿರು ಕುಕ್ಕರುಗಾಲಿನಲ್ಲಿ ಕುಳಿತು ಹೆರುವ ಪದ್ಧತಿಯನ್ನು ಅವರು ಹೀಗಳೆಯಲಿಲ್ಲ, ಅದರಲ್ಲಿ ಒಳ್ಳೆಯದಿದೆ ಎಂದು ಕಂಡುಕೊಂಡರು. ಮಲಗಿಸಿ ಹೆರಿಗೆ ಮಾಡಿಸುವುದು ವೈದ್ಯರ ಅನುಕೂಲಕ್ಕೆ ಬಂದ ರೂಢಿ. ನೆಟ್ಟಗೆ ಕುಳಿತಾಗ ಭೂಮಿಯ ಸೆಳೆತವೂ ತಾಯಿಗೆ ನೆರವಾಗುತ್ತದೆ. ತಾಯಿಗೆ ಬೇಕಾದ ಭಂಗಿಯಲ್ಲಿ ಹೆರಲು ಬಿಡಬೇಕು ಎಂದು ಇಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಗಿರಿಜನ ಹುಡುಗಿಯರನ್ನೇ ಕಿರಿಯ ಆರೋಗ್ಯ ಸಹಾಯಕಿಯರಾಗಿ ತರಬೇತು ಮಾಡಿ ಉಪಕೇಂದ್ರಗಳಿಗೆ ಕಳಿಸುವ ಕೆಲಸವೂ ಅಲ್ಲಿಂದ ನಡೆಯಿತು. ಊಟಿಯ ಕಡೆ ಇದಕ್ಕೂ ಹಿಂದೆ, ತೋಡರ ಸಂಖ್ಯೆ ಸಾವಿರಕ್ಕೂ ಕಡಿಮೆ ಇದ್ದ ಕಾಲದಲ್ಲಿ, ತೋಡ ಸಮುದಾಯದ ಮಗಳೇ ಆದ ಇವಾಂ ಪಿಲ್ಜೈನ್ ನರ್ಸ್ ತರಬೇತಿ ಪಡೆದು ತನ್ನ ಜನರ ಮಂದ್‌ಗಳಿಗೆ ಹೋಗಿ ಸೇವೆ ಮಾಡಿದ್ದರು. ಕೋತಗಿರಿಯಲ್ಲಿ ಡಾ. ಎಸ್. ನರಸಿಂಹನ್ 1958ರಲ್ಲಿ ನೀಲಗಿರಿ ಆದಿವಾಸಿ ಕಲ್ಯಾಣ ಸಂಘ ಕಟ್ಟಿದ್ದರು. ಎಲ್ಲ ಕಡೆಯೂ ಕಂಡದ್ದು ಒಂದೇ ಪಾಠ: ಆರೈಕೆ ಮಾಡುವವರು ತಮ್ಮವರಾದಾಗ ದೂರ ಅರ್ಧ ಕಡಿಮೆಯಾಗುತ್ತದೆ.

ನಮ್ಮ ಧರ್ಮಸಭೆಯೂ ತಡಮಾಡಿತ್ತು

ಈ ಇತಿಹಾಸದಲ್ಲಿ ನಮ್ಮ ಸಭೆಗೂ ಒಂದು ಅಧ್ಯಾಯವಿದೆ, ಅದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. 1890ರ ದಶಕದಲ್ಲಿ ತಿಂಡಿವನಂನಲ್ಲಿ ಒಂದೇ ರಾತ್ರಿ ಮೂವರು ಹೆಂಗಸರು ಹೆರಿಗೆಯಲ್ಲಿ ತೀರಿಕೊಂಡದ್ದು, ಗಂಡಸು ವೈದ್ಯರನ್ನು ಮನೆಯವರು ಒಪ್ಪದೆ ಇದ್ದದ್ದು, ಅದನ್ನು ಕಂಡ ಐಡಾ ಸ್ಕಡರ್ ವೈದ್ಯೆಯಾಗಿ ಮರಳಿ ವೆಲ್ಲೂರು ಆಸ್ಪತ್ರೆ ಕಟ್ಟಿದ್ದು ನಮ್ಮಲ್ಲಿ ಅನೇಕರಿಗೆ ಗೊತ್ತು.

ಗೊತ್ತಿಲ್ಲದಿರುವುದು ಇದು: ಕಥೋಲಿಕ ಧರ್ಮಭಗಿನಿಯರಿಗೆ ಹೆರಿಗೆ ಮಾಡಿಸುವ ಕೆಲಸಕ್ಕೆ ಬಹಳ ಕಾಲ ಸಭೆಯ ನಿಯಮವೇ ಅಡ್ಡವಾಗಿತ್ತು. ವ್ರತ ತೆಗೆದುಕೊಂಡವರಿಗೆ ಅದು ಸಲ್ಲದು ಎಂಬ ಭಾವನೆ ಇತ್ತು. ಸ್ಕಾಟ್‌ಲೆಂಡಿನ ವೈದ್ಯೆ ಆಗ್ನೆಸ್ ಮೆಕ್‌ಲಾರೆನ್ ಇದನ್ನು ಬದಲಿಸಿ ಎಂದು ರೋಮ್‌ಗೆ ಮತ್ತೆ ಮತ್ತೆ ಬೇಡಿಕೊಂಡರು. ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿ ವಿಶೇಷ ಅನುಮತಿ ಪಡೆದು 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು ಸಿಸ್ಟರ್ ಆಗಿಯೂ ವೈದ್ಯೆಯಾಗಿಯೂ ದುಡಿದರು. 1943ರಲ್ಲಿ ಇಂದಿನ ಕಥೋಲಿಕ ಆರೋಗ್ಯ ಸಂಘಕ್ಕೆ ಬುನಾದಿ ಹಾಕಿದವರೂ ಅವರೇ. ಅನ್ನಾ ಡೆಂಗೆಲ್ 1925ರಲ್ಲಿ ವೈದ್ಯಕೀಯ ಮಿಷನ್ ಭಗಿನಿಯರ ಸಭೆ ಆರಂಭಿಸಿದರು. ಕೊನೆಗೆ 1936ರ ಫೆಬ್ರವರಿ 11ರಂದು ರೋಮ್ ನಿಯಮ ಸಡಿಲಿಸಿ ಭಗಿನಿಯರಿಗೆ ಈ ಸೇವೆಗೆ ದಾರಿ ತೆರೆಯಿತು. ಇಂದು ಬೆಟ್ಟದ ಊರುಗಳಲ್ಲಿ ಸಿಸ್ಟರ್‌ಗಳ ಹೆರಿಗೆ ಆಸ್ಪತ್ರೆ ನಮಗೆ ಸಹಜ ನೋಟ. ಅದರ ಹಿಂದೆ ಇಷ್ಟು ಹೆಂಗಸರ ಹಠ ಇದೆ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಪದ್ಧತಿ, ನಂಬಿಕೆ, ಸಂಕೋಚ ಇವು ಕಾಡಿನವರಿಗೆ ಮಾತ್ರ ಇರುವಂಥವಲ್ಲ. ನಮ್ಮಲ್ಲೂ ಇದ್ದವು, ತಾಯಂದಿರು ಅದಕ್ಕೆ ಬೆಲೆ ತೆತ್ತರು. ಪ್ರೀತಿಯಿಂದ, ಹಠದಿಂದ ಒಳಗಿನವರೇ ಅದನ್ನು ಬದಲಿಸಿದರು.

ಈಗ ಏನಿದೆ, ಏನು ಉಳಿದಿದೆ

ನ್ಯಾಯವಾಗಿ ಹೇಳಬೇಕೆಂದರೆ ಸರ್ಕಾರಗಳು ಸುಮ್ಮನೆ ಕೂತಿಲ್ಲ. ತಮಿಳುನಾಡಿನ ಮುತ್ತುಲಕ್ಷ್ಮಿ ರೆಡ್ಡಿ ಹೆರಿಗೆ ನೆರವು 1987ರಿಂದ ಇದೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಮತ್ತು ಆಶಾ ಕಾರ್ಯಕರ್ತೆಯರು ಬಂದರು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಹೋಗಿಬರುವ ವಾಹನ ಎಲ್ಲವೂ ಉಚಿತ. ಕೇರಳದಲ್ಲಿ ಪರಿಶಿಷ್ಟ ಪಂಗಡದ ತಾಯಂದಿರಿಗೆ ಗರ್ಭಾವಸ್ಥೆಯಿಂದ ಮಗುವಿಗೆ ಒಂದು ವರ್ಷ ಆಗುವವರೆಗೆ ತಿಂಗಳ ನೆರವು ಕೊಡುವ ಜನನಿ ಜನ್ಮರಕ್ಷಾ ಯೋಜನೆ ಇದೆ. ಚಾಮರಾಜನಗರದಲ್ಲಿ 2016ರಲ್ಲಿ, ನೀಲಗಿರಿಯಲ್ಲಿ 2022ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದವು. ಮಾನಂದವಾಡಿಯ ಜಿಲ್ಲಾ ಆಸ್ಪತ್ರೆಯೂ ವೈದ್ಯಕೀಯ ಕಾಲೇಜಿನ ಮಟ್ಟಕ್ಕೆ ಏರಿತು. ಎರಡನೆಯ ತಡ ಕಡಿಮೆಯಾಗುತ್ತಿದೆ.

ಆದರೂ ಗಡಿಯ ತೊಡಕುಗಳು ಹಾಗೇ ಇವೆ. ನಮಗೆ ಇದು ಚೆನ್ನಾಗಿ ಅರ್ಥವಾಗಬೇಕು. ಪಂಗಡದ ಪಟ್ಟಿ ರಾಜ್ಯಕ್ಕೊಂದು. ಪಣಿಯರು ತಮಿಳುನಾಡಿನಲ್ಲಿ ಅತಿ ದುರ್ಬಲ ಬುಡಕಟ್ಟುಗಳ ಪಟ್ಟಿಯಲ್ಲಿದ್ದಾರೆ, ಕೇರಳದಲ್ಲಿ ಇಲ್ಲ. ಒಂದು ರಾಜ್ಯದ ಜಾತಿ ಪ್ರಮಾಣಪತ್ರದ ಮೇಲೆ ಇನ್ನೊಂದು ರಾಜ್ಯದ ಸೌಲಭ್ಯ ಸಿಗುವುದಿಲ್ಲ. ಕರ್ನಾಟಕದ ಹಾಡಿಯಿಂದ ವಯನಾಡಿಗೆ ಮದುವೆಯಾಗಿ ಹೋದ ಹುಡುಗಿಗೆ ಬೆಟ್ಟ ಅದೇ, ಬಂಧುಗಳು ಅವರೇ, ಕಾಗದ ಮಾತ್ರ ಬೇರೆ. ಶುಂಠಿ, ಕಾಫಿ ಕೊಯ್ಲಿಗೆಂದು ಗಡಿ ದಾಟಿ ತಿಂಗಳುಗಟ್ಟಲೆ ಕೂಲಿಗೆ ಹೋಗುವ ಗರ್ಭಿಣಿಯ ತಾಯಿ ಕಾರ್ಡು ಒಂದು ರಾಜ್ಯದಲ್ಲಿ, ಅವಳು ಇನ್ನೊಂದು ರಾಜ್ಯದಲ್ಲಿ.

ಲೆಕ್ಕವೂ ಬೇಕು. ಡಾ. ಅಭಯ್ ಬಂಗ್ ಅಧ್ಯಕ್ಷತೆಯ ತಜ್ಞರ ಸಮಿತಿ 2018ರಲ್ಲಿ ಭಾರತದ ಬುಡಕಟ್ಟು ಜನರ ಆರೋಗ್ಯದ ಬಗ್ಗೆ ವರದಿ ಕೊಟ್ಟಿತು. ಪ್ರತ್ಯೇಕವಾದ, ಪೂರ್ಣವಾದ ಅಂಕಿಅಂಶಗಳ ಕೊರತೆಯೇ ಆ ವರದಿ ಎತ್ತಿದ ದೊಡ್ಡ ದೂರುಗಳಲ್ಲಿ ಒಂದು. ಎಣಿಸದವರಿಗಾಗಿ ಯೋಜನೆ ಮಾಡುವುದು ಹೇಗೆ?

ನಾವೇನು ಮಾಡಬಹುದು

ಯುವಬಳಗವಾಗಿ ನಾವು ಆಸ್ಪತ್ರೆ ಕಟ್ಟಲಾರೆವು. ಆದರೆ ಮೂರು ತಡಗಳಲ್ಲಿ ನಮ್ಮ ಕೈಗೆಟುಕುವ ತುಂಡುಗಳಿವೆ.

ರಕ್ತದ ಗುಂಪು ಗೊತ್ತಿರುವ, ಕರೆದರೆ ಬರುವ ಹುಡುಗ ಹುಡುಗಿಯರ ಪಟ್ಟಿ ನಮ್ಮಲ್ಲಿರಬೇಕು. ಪಟ್ಟಿ ಫೋನಿನಲ್ಲಿದ್ದರೆ ಸಾಲದು, ಅದು ಹತ್ತಿರದ ಹೆರಿಗೆ ವಾರ್ಡಿಗೂ ಆಶಾ ಕಾರ್ಯಕರ್ತೆಗೂ ತಲುಪಿರಬೇಕು. ರಾತ್ರಿ ಹೊತ್ತು ಜೀಪು ಓಡಿಸಲು ಒಪ್ಪುವ ಮನೆಗಳು ನಮ್ಮ ಧರ್ಮಕೇಂದ್ರದಲ್ಲಿ ಎಷ್ಟಿವೆ ಎಂದು ಕೇಳಿ ಬರೆದಿಡಬೇಕು. ಎರಡು ಮೂರು ಭಾಷೆ ಬಲ್ಲ ನಾವು ಆಸ್ಪತ್ರೆಯಲ್ಲಿ ಮಾತಿನ ಸೇತುವೆಯಾಗಬಹುದು, ಕೇಳಿದಾಗ ಮಾತ್ರ, ಅವರ ಪರವಾಗಿ ತೀರ್ಮಾನ ಮಾಡದೆ. ನಮ್ಮ ಮನೆಯ ತೋಟಕ್ಕೆ ಕೂಲಿಗೆ ಬರುವ ಗರ್ಭಿಣಿಗೆ ತಪಾಸಣೆಯ ದಿನ ಕೂಲಿ ಕಡಿಯದೆ ರಜೆ ಕೊಡಿ ಎಂದು ಅಪ್ಪ ಅಮ್ಮನಿಗೆ ಹೇಳುವುದು ನಮ್ಮಿಂದ ಆಗುವ ಕೆಲಸ. ಬಹುಶಃ ಇವೆಲ್ಲದರಲ್ಲಿ ಅದೇ ಕಷ್ಟದ್ದು, ಅದೇ ಮುಖ್ಯವಾದದ್ದು.

ನರ್ಸಿಂಗ್ ಓದಬೇಕೆಂದಿರುವ ಹಾಡಿಯ ಹುಡುಗಿ ನಿಮ್ಮ ಶಾಲೆಯಲ್ಲಿ, ನಿಮ್ಮ ಬೆಂಚಿನಲ್ಲಿ ಇದ್ದಾಳೆಯೇ ನೋಡಿ. ಅರ್ಜಿ ತುಂಬಲು, ಹಾಸ್ಟೆಲ್ ಹುಡುಕಲು, ಪ್ರಮಾಣಪತ್ರಕ್ಕೆ ತಾಲೂಕು ಕಚೇರಿಗೆ ಓಡಾಡಲು ಅವಳ ಜೊತೆ ಹೋಗಿ. ಗೂಡಲೂರು, ಬಿಳಿಗಿರಿರಂಗನ ಬೆಟ್ಟಗಳ ಇತಿಹಾಸ ಓದಿದ ಮೇಲೆ ನಮಗೆ ಅನಿಸಿದ್ದು ಇಷ್ಟು: ಒಂದು ಹಾಡಿಯಿಂದ ಒಬ್ಬ ನರ್ಸ್ ಬಂದರೆ ಆ ಹಾಡಿಯ ಮುಂದಿನ ಇಪ್ಪತ್ತು ಮೂವತ್ತು ವರ್ಷದ ಹೆರಿಗೆಗಳ ಕಥೆ ಬದಲಾಗಬಹುದು.

ರಕ್ತದಾನಿಗಳ ಪಟ್ಟಿಯನ್ನು ಈ ತಿಂಗಳೇ ಶುರುಮಾಡುತ್ತಿದ್ದೇವೆ. ಹದಿನೆಂಟು ತುಂಬಿದವರು ಭಾನುವಾರ ಪೂಜೆಯ ನಂತರ ಹೆಸರು ಕೊಡಿ. ಹಿರಿಯರೇ, ಜೀಪಿನ ಕೀಲಿ ಇರುವವರು ನೀವು, ನಿಮ್ಮ ಹೆಸರನ್ನೂ ಬರೆದುಕೊಳ್ಳುತ್ತೇವೆ.

ಪ್ರೀತಿಯಿಂದ,
ನಿಮ್ಮ ಯುವಬಳಗ